ತಡದ ಲೆಕ್ಕ

ಏಳೂವರೆಗೆ ಬಾಗಿಲು ತೆಗೆಯುವುದು ಎಂದು
ಗೇಟಿನ ಬೋರ್ಡಿನಲ್ಲಿ ಬರೆಸಿದ್ದೇನೆ,
ಮೂರು ಲಿಪಿಗಳಲ್ಲಿ.
ಏಳಕ್ಕೇ ಬೆಲ್ಲು ಒತ್ತುವವರಿಗೆ
ಮೂರೂ ಓದಲು ಬರುವುದಿಲ್ಲ.

"ಸ್ವಲ್ಪ ಮೈ ಬಿಸಿ ಉಂಟು, ಹಲ್ಲು ಬರುವುದಕ್ಕಿರಬೇಕು"
ಎಂದು ಮಿನ್ಹಾಳನ್ನು ನನ್ನ ಸೊಂಟಕ್ಕೆ ದಾಟಿಸಿ
ಅವಳಮ್ಮ ರಸ್ತೆಗೆ ಇಳಿದಾಯಿತು.
ಚೀಲದ ತಳದಲ್ಲಿ ಜ್ವರದ ಸಿರಪ್ಪು,
ಅಳತೆಯ ಮುಚ್ಚಳ ಇನ್ನೂ ಅಂಟಂಟು.
ಹಲ್ಲಂತೆ!
ಇಪ್ಪತ್ತೂ ಬಂದು, ಮೊನ್ನೆ ಧನ್ವಿತನ ಹೆಗಲಲ್ಲಿ
ಅಚ್ಚೊತ್ತಿ ತೋರಿಸಿದ ಹುಡುಗಿ ಇವಳು.

ನಾನು ಪುತ್ತೂರಿನಿಂದ ಉಪ್ಪಳಕ್ಕೆ ಬಂದವಳು.
ಮೊದಲ ವಾರ ನಿವೇದ ಕಾಲು ಕುಣಿಸುತ್ತ
"ಮುಳ್ಳಣಂ, ಮುಳ್ಳಣಂ" ಎಂದಾಗ
ಕನ್ನಡಕ ಹಾಕಿ, ಸೂಜಿ ಹಿಡಿದು
ಎರಡೂ ಅಂಗಾಲು ಹುಡುಕಿದವಳು.
ಮುಳ್ಳು ಸಿಗಲಿಲ್ಲ.
ಚಾಪೆ ಒದ್ದೆಯಾದ ಮೇಲೆ ಮಲಯಾಳ ಕಲಿತೆ.

ಈಗ ನೀರನ್ನು ಐದು ಬಗೆಯಲ್ಲಿ ಕೊಡಬಲ್ಲೆ:
ನೀರ್, ವೆಳ್ಳಂ, ಉದಾಕ್, ಪಾನಿ.
ಐದನೆಯದು ಬರಿಯ ಕಿರುಚು,
ಅದು ಎಲ್ಲ ಮನೆಗಳದ್ದೂ.

ಹನ್ನೆರಡೂವರೆಯಿಂದ ಒಬ್ಬೊಬ್ಬರನ್ನೇ ತಟ್ಟಿ ತಟ್ಟಿ
ಕೊನೆಗೆ ಲಿಯೋನಾಳ ರೆಪ್ಪೆ
ಅಂಟಿಯೂ ಅಂಟದ ಹಾಗೆ ಅಂಟಿದ ಗಳಿಗೆಗೆ
ಮೀನಿನ ಸ್ಕೂಟರು.
ಪೋಂ ಪೋಂ ಬೂತಾಯಿ, ಪೋಂ ಪೋಂ ಬಂಗುಡೆ.
ಏಳು ತಲೆ ಎದ್ದು ಕೂರುತ್ತವೆ.
ಕೈ ಮುಗಿದು ಹೇಳಿದ್ದೇನೆ ಮೊಯ್ದುವಿಗೆ,
ನಮ್ಮ ಗೇಟಿನ ಹತ್ತಿರ ಹಾರ್ನ್ ಬೇಡ ಮಾರಾಯ ಎಂದು.
"ಹಾರ್ನ್ ಹಾಕದಿದ್ದರೆ ಮೀನು ಹೋಗ್ತದಾ ಅಕ್ಕ?"
ಅವನದೂ ಸರಿ.
ನನ್ನ ತಟ್ಟೆಯ ಅನ್ನ ಆಗಲೇ ಬಿರುಸಾಗಿದೆ.

ಸಂಜೆಗೆ ಒಂದು ಸಾಕ್ಸ್ ಇರುವುದಿಲ್ಲ.
ಯಾವಾಗಲೂ ಒಂದೇ. ಎರಡೂ ಕಳೆದಿದ್ದರೆ
ತಂದೇ ಇಲ್ಲ ಎನ್ನಬಹುದಿತ್ತು.

ಫೀಸಿನ ಮಾತೆತ್ತಿದರೆ ನೆಟ್‌ವರ್ಕ್ ಹೋಗುತ್ತದೆ.
"ಹೇಗೂ ಮನೆಯಲ್ಲೇ ಇರ್ತೀರಲ್ಲ"
ಅಂದವರು ಧನ್ವಿತನ ಅಪ್ಪ, ಬ್ಯಾಂಕಿನವರು.
ಹೌದು, ಮನೆಯಲ್ಲೇ.
ಬಚ್ಚಲಿಗೂ ಬಾಗಿಲು ಹಾಕದೆ ಹೋಗುವಷ್ಟು ಮನೆಯಲ್ಲೇ.
ನಮ್ಮವರು ಹಲ್ಲುಜ್ಜುವ ಬ್ರಶ್ಶನ್ನು
ಫ್ರಿಜ್ಜಿನ ಮೇಲೆ ಇಡತೊಡಗಿ ಆರು ತಿಂಗಳು.
ಮೊನ್ನೆ ಮಂಜೇಶ್ವರದ ಮದುವೆಯೂಟದಲ್ಲಿ
ಪಕ್ಕದೆಲೆಯ ಯಾರೋ ಮೀಸೆಯವರ ಪಾಯಸಕ್ಕೆ
ಫೂ ಫೂ ಎಂದು ಊದಿಬಿಟ್ಟೆ.
ಆ ಮನುಷ್ಯ, ಪಾಪ, ಕುಡಿದರು.

ಹಳದಿ ರಟ್ಟಿನ ಪುಸ್ತಕವೊಂದಿದೆ.
ಐದೂವರೆ ದಾಟಿದರೆ ಅರ್ಧ ಗಂಟೆಗೆ ಐವತ್ತು.
ಮಂಗಳೂರಿನಿಂದ ಬರುವವರಿಗೆ ರೈಲು ತಡ;
ರೈಲು ಹೊತ್ತಿಗೇ ಬಂದರೆ ಹೈವೇ.
ಸ್ಟೇಷನ್ನಿನ ಕಡೆಯಿಂದ ಕಾಣುವ ನನ್ನ ಮನೆಗೆ
ಈಗ ಗೋಡೆಯುದ್ದಕ್ಕೂ ನಡೆದು
ಅಂಡರ್‌ಪಾಸ್ ಹುಡುಕಬೇಕು.

ಇವತ್ತು ಆರು ಮಕ್ಕಳು ಹೋದರು. ನಿವೇದ ಉಳಿದ.
ಅವನಮ್ಮ ಶೈನಿ, ಮಂಗಳೂರಿನ ಲ್ಯಾಬಿನಲ್ಲಿ
ಊರವರ ನೆತ್ತರು ಪರೀಕ್ಷಿಸುವವಳು.
ಫೋನು ಸ್ವಿಚ್ ಆಫ್.
ನಾನು ಬೈಗುಳ ಜೋಡಿಸಿಟ್ಟೆ: ಕನ್ನಡದಲ್ಲಿ ಎರಡು,
ತುಳುವಿನಲ್ಲಿ ಖಾರದ್ದೊಂದು.
ಮೆಟ್ಟಿಲಲ್ಲಿ ಕೂತು ಅವನು ಲಾರಿ ಎಣಿಸಿದ,
ಒಂದು, ರಂಡ್, ಮೂಜಿ, ಚಾರ್,
ಆಮೇಲೆ ಸೀದಾ ಹತ್ತು.
ತಿದ್ದಲು ಹೋಗಲಿಲ್ಲ.

ಆರೂ ನಲವತ್ತಕ್ಕೆ ಬಂದಳು,
ಬಾರು ಕಿತ್ತ ಚಪ್ಪಲಿ ಒಂದು ಕೈಯಲ್ಲಿ.
ಬೈಗುಳ ನಾಲಗೆಯ ತುದಿಯಲ್ಲಿತ್ತು.
ನಿವೇದ ಅವಳನ್ನು ನೋಡಿದ,
ನನ್ನ ಸೆರಗು ಹಿಡಿದ,
"ಪಿನ್ನೆ" ಅಂದ, ಆಮೇಲೆ ಬಾ ಎಂಬಂತೆ.
ಚಪ್ಪಲಿ ಕೆಳಗಿಡುವುದನ್ನೂ ಮರೆತು ನಿಂತಳು ಶೈನಿ.
ನಾನು ಸಾಕ್ಸ್ ಹುಡುಕಲು ಒಳಗೆ ಹೋದೆ.
ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಹುಡುಕಿದೆ.

ರಾತ್ರಿ ಪುಸ್ತಕ ತೆಗೆದು ಬರೆದೆ:
ನಿವೇದ್, ಒಂದು ಗಂಟೆ ಹತ್ತು ನಿಮಿಷ.
ಹೊಡೆದು ಹಾಕಲಿಲ್ಲ.
ಕೇಳುತ್ತೇನೆಯೋ ಇಲ್ಲವೋ ತಿಂಗಳ ಕೊನೆಗೆ ನೋಡಬೇಕು.
ಚಾಪೆ ಇನ್ನೂ ಆರಿಲ್ಲ,
ಬೆಳಿಗ್ಗೆ ಏಳಕ್ಕೇ ಬೆಲ್ಲಾಗುತ್ತದೆ.